ಎಲೇನಾಳ ಹಳ್ಳ, ಈರಮ್ಮಕ್ಕನ ಕುಡಗೋಲು

ಸಿಂಧನೂರು

ನಾನು ಪರದೇಶಕ್ಕೆ ಹೋಗಿಬಂದೆ ಎಂದರೆ ನಮ್ಮ ಕಡೆಯವರು ಕೇಳುವುದು ಒಂದೇ ಪ್ರಶ್ನೆ. ದುಬೈಯೋ, ಅಮೆರಿಕವೋ? ಎರಡೂ ಅಲ್ಲ, ಕೋಸ್ಟರೀಕ ಎಂದರೆ ಒಂದು ಗಳಿಗೆ ಮುಖ ನೋಡಿ, "ಹೋಗ್ಲಿ ಬಿಡ್ರಿ, ಮುಂದಿನ ಸಲ ಛಲೋ ದೇಶಕ್ಕ ಹೋಗೀರಂತ" ಎಂದು ಸಮಾಧಾನ ಹೇಳುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ "ಹೂಂ" ಎಂದು ಸುಮ್ಮನಾಗುತ್ತೇನೆ.

ನನ್ನ ಹೆಸರು ಶಮೀಮ್, ಲಿಂಗಸುಗೂರಿನವಳು. ತೊಂಬತ್ತರ ದಶಕದ ನಡುವೆ ಸಿಂಧನೂರಿನ ಕಡೆಯ ಒಂದು ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕಿದ್ದೆ. ಕಾಫಿ, ಬಾಳೆ, ಕೋಕೋದಂಥ ಬೆಳೆಗಳಿಗೆ ಹಸಿರು ಪ್ರಮಾಣಪತ್ರ ಕೊಡುವ ಮಾತು ಆಗ ಹೊಸದು. ಮರ ಕಡಿಯಬಾರದು, ಹಳ್ಳಕ್ಕೆ ವಿಷ ಬಿಡಬಾರದು, ಹಕ್ಕಿಗೂ ಒಂದಿಷ್ಟು ಜಾಗ ಇಡಬೇಕು. ಹಾಗೆ ಬೆಳೆದವರಿಗೆ ಒಂದು ಪ್ರಮಾಣಪತ್ರ, ಆ ಪತ್ರ ಇದ್ದ ಮಾಲಿಗೆ ಬೇರೆಯೇ ಗಿರಾಕಿ. ಇದರಿಂದ ಕಾಡು ನಿಜಕ್ಕೂ ಉಳಿಯುತ್ತದೆಯೋ, ಬರೀ ಕಾಗದ ಉಳಿಯುತ್ತದೆಯೋ ಎಂದು ತೋಟಗಳಲ್ಲೇ ಇದ್ದು ನೋಡುವ ಸಂಶೋಧನೆಯೊಂದು ಕೋಸ್ಟರೀಕದಲ್ಲಿ ನಡೆದಿತ್ತು. ದೇಶಕ್ಕೊಬ್ಬ ಸಂಶೋಧಕರನ್ನೂ ಒಬ್ಬ ರೈತರನ್ನೂ ಕರೆದಿದ್ದರು. ಇಂಥ ನಿಯಮ ನಮ್ಮ ಭತ್ತಕ್ಕೂ ಹೊಂದುತ್ತದೆಯೇ ಎಂದು ನಾನು ನೋಡಿಬರಬೇಕಿತ್ತು.

ರೈತರ ಲೆಕ್ಕದಲ್ಲಿ ನಮ್ಮ ಮೇಲಿನವರು ಮಸ್ಕಿಯ ಸಾಹುಕಾರರೊಬ್ಬರನ್ನು ಆರಿಸಿದರು. ಅವರು ಸೂಟು ಹೊಲಿಸಿದ್ದೂ ಆಯಿತು. ಅಷ್ಟರಲ್ಲಿ ಅಲ್ಲಿಯವರು ಫೋನಿನಲ್ಲಿ, "ಕಳೆದ ಸಲ ಸ್ವಂತ ಕೈಯಿಂದ ಕಳೆ ಕಿತ್ತದ್ದು ಯಾವಾಗ?" ಎಂದು ಕೇಳಿಬಿಟ್ಟರು. ಸಾಹುಕಾರರಿಗೆ ತಮ್ಮ ಖಾನದಾನಿಗೇ ಬೈದಂತಾಯಿತು. ಸೂಟು ಪೆಟ್ಟಿಗೆಗೆ ಹೋಯಿತು, ಗೊರೇಬಾಳದ ಈರಮ್ಮಕ್ಕ ಹೊರಟಳು.

ಈರಮ್ಮಕ್ಕನಿಗೆ ಐವತ್ತು ದಾಟಿತ್ತು. ಗಂಡ ಹೋದಮೇಲೆ ಕಾಲುವೆಯ ನೀರಿಗೆ ಬರುವ ಗದ್ದೆಯನ್ನು ತಾನೇ ಮಾಡುತ್ತಿದ್ದಳು. ಅವಳ ಗದ್ದೆ ಯಾವುದೆಂದು ಯಾರೂ ತೋರಿಸಬೇಕಿರಲಿಲ್ಲ. ಬದುವಿನ ಮೇಲೆ ಒಂದು ಎಸಳು ಹುಲ್ಲಿಲ್ಲದೆ, ಕಾಲುವೆಯ ದಂಡೆ ಸಾರಿಸಿದ ಅಂಗಳದಂತೆ ಇದ್ದರೆ ಅದೇ ಅವಳದು. ನಮ್ಮ ಕಡೆ ಕಳೆಗೆ ಕಸ ಎಂದೇ ಹೆಸರು. ಕಾಲುವೆಯಲ್ಲಿ ಕಸ ಬೆಳೆದರೆ ಮುಂದಿನವರಿಗೆ ನೀರು ಹರಿಯುವುದಿಲ್ಲ. ಹಾಗಾಗಿ ದಂಡೆಯ ಕಸ ತೆಗೆಯದವರನ್ನು ಊರೇ ಬೈಯುತ್ತದೆ, ಈರಮ್ಮಕ್ಕ ಎಲ್ಲರಿಗಿಂತ ಮೊದಲು ಬೈಯುತ್ತಾಳೆ.

ರಾಯಚೂರಿನ ಸ್ಟೇಷನ್ನಿನವರೆಗೆ ನನ್ನನ್ನು "ಮೇಡಂ" ಎಂದಳು. ಬೊಂಬಾಯಿಯ ರೈಲು ಹೊರಟ ಕೂಡಲೇ "ತಂಗಿ" ಆದೆ.

ವಿಮಾನ ನಿಲ್ದಾಣ

ವಿಮಾನಗಳನ್ನು ಬದಲಿಸಿ ಬದಲಿಸಿ ಸಾನ್ ಹೋಸೆಯಲ್ಲಿ ಇಳಿಯುವ ಹೊತ್ತಿಗೆ ನನಗೆ ಕಾಲು ಯಾವುದು, ಕೈ ಯಾವುದು ತಿಳಿಯದಂತಾಗಿತ್ತು. ಈರಮ್ಮಕ್ಕ ಮಾತ್ರ ಆಗಷ್ಟೇ ಮಿಂದವಳಂತೆ ಇದ್ದಳು. ದಾರಿಯುದ್ದಕ್ಕೂ ಕಿಟಕಿಯಲ್ಲಿ ಇಣುಕಿ ಕೆಳಗೆ ಯಾವ ಬೆಳೆ ಇದೆ ಎಂದು ನನ್ನನ್ನು ಕೇಳಿದ್ದಳು. ಸಮುದ್ರ ಎಂದಾಗ, "ಇಷ್ಟ ನೀರು ಇಟ್ಕೊಂಡು ಏನೂ ಬೆಳೆದಿಲ್ಲಲ್ಲ" ಎಂದು ಬೇಜಾರು ಮಾಡಿಕೊಂಡಳು.

ಅಲ್ಲಿ ನಮ್ಮ ಚೀಲ ಬಿಚ್ಚಿಸಿದರು. ನಮ್ಮಪ್ಪ ಹಟ್ಟಿಯ ಚಿನ್ನದ ಗಣಿಯಲ್ಲಿದ್ದವರು. ಪಾಳಿ ಮುಗಿಸಿ ಬರುವವರನ್ನು ಗೇಟಿನಲ್ಲಿ ಹೇಗೆ ಸವರಿ ನೋಡುತ್ತಾರೆಂದು ಚಿಕ್ಕಂದಿನಲ್ಲಿ ಕಂಡಿದ್ದೆ, ಹಾಗಾಗಿ ನನಗೆ ಗಾಬರಿಯಾಗಲಿಲ್ಲ. ಗಾಬರಿಯಾದದ್ದು ಈರಮ್ಮಕ್ಕನ ಚೀಲದಲ್ಲಿ ಸುತ್ತಿಟ್ಟ ಹಳೆಯ ಸೀರೆಯೊಳಗಿಂದ ಕುಡಗೋಲು ಹೊರಬಂದಾಗ.

"ಎಕ್ಕಾ, ಇದನ್ಯಾಕ ತಂದಿ?"

"ಹೊಲಕ್ಕ ಹೋಗಾಕತ್ತೀವಿ ಅಂದಿ. ಕುಡಗೋಲಿಲ್ದ ಹೊಲಕ್ಕ ಯಾರರ ಹೋಕ್ಕಾರನ?"

ನಾನು ಸ್ಪ್ಯಾನಿಷ್ ಕಲಿತದ್ದು ಒಂದು ಸಣ್ಣ ಪುಸ್ತಕದಿಂದ. ಕೊಡೆ ಕಳೆದರೆ ಏನು ಹೇಳಬೇಕೆಂದು ಅದರಲ್ಲಿತ್ತು, ಕುಡಗೋಲು ಸಿಕ್ಕಿಬಿದ್ದರೆ ಏನು ಹೇಳಬೇಕೆಂದು ಇರಲಿಲ್ಲ. ನಾನು ತಡವರಿಸುವುದನ್ನು ಕಂಡು ಈರಮ್ಮಕ್ಕ ತಾನೇ ಮುಂದೆ ಬಂದು ತೆಲುಗಿನಲ್ಲಿ ಶುರು ಮಾಡಿದಳು. ಕನ್ನಡ ಬಾರದವರಿಗೆ ತೆಲುಗು ಬಂದೇ ಬರುತ್ತದೆ ಎಂಬುದು ಅವಳ ನಂಬಿಕೆ. ಆಂಧ್ರದವರು ಬಂದು ನೆಲೆಸಿದ ನಮ್ಮ ಕಾಲುವೆಯ ಕ್ಯಾಂಪುಗಳ ಮಟ್ಟಿಗೆ ಅದು ನಿಜವೂ ಹೌದು. ಅದೂ ನಡೆಯದಿದ್ದಾಗ ಸೆರಗು ಸಿಕ್ಕಿಸಿ, ಬಗ್ಗಿ, ಆ ನುಣುಪು ನೆಲದ ಮೇಲೆ ಭತ್ತ ಕೊಯ್ದು ತೋರಿಸಿದಳು. ಸಾಲಿನಲ್ಲಿ ನಿಂತವರೆಲ್ಲ ಕುತ್ತಿಗೆ ಚಾಚಿದರು. ನಾನು ಅವಳನ್ನು ಗುರುತೇ ಇಲ್ಲದವಳಂತೆ ಬೇರೆ ಕಡೆ ನೋಡಿದೆ.

ಅಧಿಕಾರಿ ಕುಡಗೋಲಿನ ಬಾಯಿಯನ್ನು ಹೆಬ್ಬೆರಳಿನಿಂದ ಸವರಿದ. ಗೆಳೆಯನನ್ನು ಕರೆದು ತೋರಿಸಿದ. ಇಬ್ಬರೂ ಹಳ್ಳಿಯ ಕಡೆಯವರಿರಬೇಕು, ಮೆಚ್ಚಿ ತಲೆಯಾಡಿಸಿ ಮರಳಿ ಕೊಟ್ಟರು. ಕಟಕ ರೊಟ್ಟಿಯೊಂದನ್ನು ಮೇಜಿಗೆ ಬಡಿದು ನೋಡಿ ಅದನ್ನೂ ಬಿಟ್ಟರು. ಶೇಂಗಾ ಹಿಂಡಿಯ, ಎಂದರೆ ಚಟ್ನಿಪುಡಿಯ, ಡಬ್ಬಿಯನ್ನು ಮಾತ್ರ ಮುಲಾಜಿಲ್ಲದೆ ಇಟ್ಟುಕೊಂಡರು.

"ಆಯುಧ ಬಿಟ್ಟು ಹಿಂಡಿ ಕಸಗೊಂಡ್ರು," ಎಂದಳು ಈರಮ್ಮಕ್ಕ ಹೊರಗೆ ಬಂದು. "ಎಂಥಾ ದೇಶಕ್ಕ ಕರಕೊಂಡು ಬಂದಿ ತಂಗಿ."

ಇಲ್ಲದ ಮರದ ಹತ್ತಿರ ಎಡಕ್ಕೆ

ನಮ್ಮನ್ನು ಇಳಿಸಬೇಕಾದ ಮನೆಗೆ ನಂಬರೂ ಇರಲಿಲ್ಲ, ಬೀದಿಯ ಹೆಸರೂ ಇರಲಿಲ್ಲ. ಚರ್ಚಿನಿಂದ ಮೇಲಕ್ಕೆ ಹೋಗಿ, ಅತ್ತಿಮರ ಇದ್ದ ಕಡೆ ಎಡಕ್ಕೆ ಹೊರಳಬೇಕು ಎಂದಷ್ಟೇ ಹೇಳಿದ್ದರು. ನಮ್ಮ ಜೀಪು ಆ ದಾರಿಯಲ್ಲಿ ಹೋಗಿ ಬಂದು, ಹೋಗಿ ಬಂದು, ಕೊನೆಗೆ ಒಬ್ಬ ಮುದುಕನನ್ನು ಕೇಳಿದರೆ ಅವನು ಬರೀ ಗಾಳಿಯನ್ನು ತೋರಿಸಿದ. ಆ ಮರ ಬಿದ್ದು ಎಷ್ಟೋ ವರ್ಷವಾಗಿತ್ತು. ಬಿದ್ದ ಮರ ಊರಿನವರಿಗೆಲ್ಲ ಗೊತ್ತು, ಹೊಸಬರಿಗೆ ಗೊತ್ತಿಲ್ಲದಿದ್ದರೆ ಅದು ಹೊಸಬರ ತಪ್ಪು. ನನಗೆ ತಲೆ ಕೆಟ್ಟು ಗೊಬ್ಬರವಾಗಿತ್ತು.

"ಅದರಾಗೇನೈತಿ," ಎಂದಳು ಈರಮ್ಮಕ್ಕ. "ಜಿನ್ನಿಂಗ್ ಮಿಲ್ ಹತ್ರ ಇಳಸಪ್ಪಾ ಅಂತ ನಾವು ಬಸ್ಸಿನಾಗ ಅನ್ನಂಗಿಲ್ಲನ? ಈಗ ಅಲ್ಲಿ ಮಿಲ್ಲ ಎಲ್ಲೈತಿ?"

ಆ ದೇಶ ಅವಳಿಗೆ ಒಗ್ಗಿದ್ದು ಆಗಲೇ.

ಮನೆ ದೋನ್ಯಾ ಎಲೇನಾಳದು. ದೋನ್ಯಾ ಎಂದರೆ ನಮ್ಮ ಅಮ್ಮಾವ್ರು ಇದ್ದಂತೆ. ಅವಳೂ ಗಂಡನಿಲ್ಲದವಳು, ಈರಮ್ಮಕ್ಕನ ಓರಗೆಯವಳು, ಸೊಂಟದಲ್ಲಿ ಸದಾ ಒಂದು ಒರಸುವ ಬಟ್ಟೆ. ಇಳಿಜಾರಿನಲ್ಲಿ ಅವಳ ಕಾಫಿ ತೋಟ, ತೋಟದ ತುಂಬ ನೆರಳಿನ ಮರಗಳು, ತಳದಲ್ಲಿ ಒಂದು ಹಳ್ಳ. ಈರಮ್ಮಕ್ಕ ಸೊಂಟದ ಮೇಲೆ ಕೈಯಿಟ್ಟು ಅದನ್ನೆಲ್ಲ ನೋಡಿ, "ಪಾಪ, ಆಳು ಸಿಕ್ಕಿಲ್ಲ ಕಾಣಸ್ತೈತಿ, ಎಲ್ಲಾ ಕಾಡು ಬಿದ್ದೈತಿ" ಎಂದಳು. ಕಾಡಿನಂತೆ ಇರುವುದೇ ಅದರ ಮಹತ್ವ ಎಂದು ನಾನು ಹೇಳಿದೆ. ಅವಳು ನನ್ನ ಕೆಲಸ ಹೋಗದಿರಲಿ ಎಂಬಂತೆ ತಲೆಯಾಡಿಸಿದಳು.

ಅಲ್ಲಿಯ ಜನ ಎಲ್ಲದಕ್ಕೂ "ಪೂರಾ ವೀದಾ" ಎನ್ನುತ್ತಾರೆ. ಹೇಗಿದ್ದೀರಿ ಎಂದರೂ ಅದೇ, ಹೋಗಿಬರುತ್ತೇನೆ ಎಂದರೂ ಅದೇ, ಜೀಪು ಕೆಸರಿನಲ್ಲಿ ಹೂತರೂ ಅದೇ. ನಮ್ಮ "ಆರಾಮ್ರಿ" ಮಾಡುವ ಕೆಲಸವನ್ನೆಲ್ಲ ಅದು ಮಾಡುತ್ತದೆ. ಬೆಳಿಗ್ಗೆ ತಿನ್ನುವುದು ಅನ್ನ ಮತ್ತು ಕರಿಯ ಅವರೆಯಂಥ ಕಾಳು ಕೂಡಿಸಿ ಹುರಿದದ್ದು. ಮಧ್ಯಾಹ್ನ ಅದೇ ಅನ್ನ, ಕಾಳು ಬೇರೆ ಬೇರೆ. ಹಂದಿಗೆ ಹೆದರುವ ನನಗೂ, ಮೊಟ್ಟೆಗೂ ಹೆದರುವ ಲಿಂಗವಂತರ ಈರಮ್ಮಕ್ಕನಿಗೂ ಅದು ದೇವರೇ ಕೊಟ್ಟ ಊಟ. ಹಿಂಡಿಯೊಂದಿದ್ದರೆ ಎಂದು ಅವಳು ದಿನಾ ನಿಟ್ಟುಸಿರಿಡುತ್ತಿದ್ದಳು.

ಎಲೇನಾಳಿಗೆ ಸ್ಪ್ಯಾನಿಷ್ ಬಿಟ್ಟು ಬೇರೆ ಬಾರದು. ಈರಮ್ಮಕ್ಕ ಅವಳೊಡನೆ ಕನ್ನಡ, ತೆಲುಗು ಕೂಡಿಸಿ ಮಾತಾಡುತ್ತಿದ್ದಳು. ಸಂಜೆ ಕಾಫಿ ಹಣ್ಣು ಆರಿಸುತ್ತ ಕೂತರೆ ಇಬ್ಬರ ಮಾತಿಗೂ ಕೊನೆಯಿಲ್ಲ. ನಾನು ಅನುವಾದಕ್ಕೆಂದು ಬಾಯಿ ತೆರೆದರೆ, ನಡುವೆ ಯಾಕೆ ಬರುತ್ತೀ ಎಂಬಂತೆ ಇಬ್ಬರೂ ನೋಡುತ್ತಿದ್ದರು.

ನನ್ನ ಪಾಲಿಗೆ ಉಳಿದದ್ದು ಸಂಶೋಧನೆಯವರು ಇಂಗ್ಲಿಷಿನಲ್ಲಿ ಹೇಳಿದ ಬೇಡದ ಸುದ್ದಿ. ಆ ಭೂಮಿಯಲ್ಲಿ ಎಲೇನಾಳ ತಮ್ಮನಿಗೂ ಪಾಲಿತ್ತು. ನೆರಳಿನ ಮರಗಳನ್ನೆಲ್ಲ ಕಡಿದು, ಬಿಸಿಲಿನಲ್ಲಿ ಒತ್ತೊತ್ತಾಗಿ ಬೆಳೆಯುವ ಹೊಸ ತಳಿ ಹಾಕಬೇಕೆಂದು ಅವನ ಹಟ. ಈ ಸುಗ್ಗಿಗೆ ಪ್ರಮಾಣಪತ್ರ ಬಂದರೆ ಮರ ಇರಲಿ, ಬರದಿದ್ದರೆ ಗರಗಸ ತರುತ್ತೇನೆ ಎಂದಿದ್ದ. ಬೇರೆ ದಾರಿಯಿಲ್ಲದೆ ಎಲೇನಾ ಈ ಕರಾರಿಗೆ ಒಪ್ಪಿದ್ದಳು. ಆ ಮರಗಳನ್ನು ಅವಳ ಅಪ್ಪ ನೆಟ್ಟಿದ್ದ.

ತನಿಖೆಯ ದಿನ

ಮರುದಿನ ತನಿಖೆಯ ಸಾಹೇಬ ಬರುತ್ತಾನೆ ಎಂದಾಗ ಎಲೇನಾ ಅಡುಗೆಮನೆ ತೊಳೆದಳು. ಸಾಹೇಬ ಮೊದಲು ನೋಡುವುದು ಹಳ್ಳವನ್ನೇ ಎಂದು ನಾನು ಈರಮ್ಮಕ್ಕನಿಗೆ ಹೇಳಿದೆ. ಹಳ್ಳದ ಎರಡೂ ದಂಡೆಯ ಗಿಡಗಂಟೆಯನ್ನು ಮುಟ್ಟದೆ ಬಿಟ್ಟಿರಬೇಕು ಎಂಬುದು ನಿಯಮ. ಅಷ್ಟು ಉದ್ದಕ್ಕೆ ಹೇಳುವ ಮೊದಲೇ ಎಲೇನಾ ಊಟಕ್ಕೆ ಕರೆದಳು, ಮಾತು ಅಲ್ಲಿಗೇ ನಿಂತಿತು.

ನಮ್ಮ ಕಡೆ ತಹಶೀಲ್ದಾರ ಬರುತ್ತಾನೆ ಎಂದರೆ ಏನೇನು ನಡೆಯುತ್ತದೆ ಎಂಬುದನ್ನು ನಾನು ನೆನೆಸಿಕೊಳ್ಳಬೇಕಿತ್ತು. ಊರು ಗುಡಿಸುತ್ತಾರೆ, ಕಲ್ಲಿಗೆ ಸುಣ್ಣ ಬಳಿಯುತ್ತಾರೆ, ದಾರಿಯ ಜಾಲಿ ಕಡಿಯುತ್ತಾರೆ. ಉಂಡ ಮನೆಗೆ ಕೈಲಾದ ಕೆಲಸ ಮಾಡದೆ ಕೂರುವುದೂ ನಮ್ಮ ಹೆಂಗಸರಿಗೆ ಗೊತ್ತಿಲ್ಲ.

ಬೆಳಿಗ್ಗೆ ಕೆಳಗಿನಿಂದ ಸರಕ್ ಸರಕ್ ಎಂದು ಸದ್ದು ಕೇಳಿತು. ಇಳಿದುಹೋಗಿ ನೋಡಿದೆ. ಹಳ್ಳದ ಈಚೆ ದಂಡೆಯ ಉದ್ದಕ್ಕೂ ಒಂದು ಎಸಳಿಲ್ಲ. ಜರಿಗಿಡ, ಪೊದೆ, ಬಳ್ಳಿ ಎಲ್ಲ ಮಟ್ಟವಾಗಿ ಕೊಯ್ದು ಸಿವುಡು ಕಟ್ಟಿಟ್ಟಿತ್ತು. ಮಂಡಿಯವರೆಗೆ ಕೆಸರಾದ ಈರಮ್ಮಕ್ಕ ಬೆನ್ನು ನೆಟ್ಟಗೆ ಮಾಡಿ ನಕ್ಕಳು.

"ನೋಡು ತಂಗಿ, ಹೆಂಗ ಆಗೈತಿ. ಆ ಕಸ ನೋಡಿದ್ರ ಸಾಹೇಬ ಇಕಿಗೆ ಏನನ್ನಬೇಕು. ಆಚೀ ದಂಡಿ ಹೊತ್ತಾಗಿ ಉಳೀತು."

ನನ್ನ ಹಿಂದೆಯೇ ಎಲೇನಾ ಇಳಿದು ಬಂದಳು. ಹಳ್ಳ ನೋಡಿದಳು, ಬಾಯಿಗೆ ಕೈ ಹಿಡಿದಳು, ಅಲ್ಲೇ ಕಲ್ಲಿನ ಮೇಲೆ ಕೂತಳು. ಆಮೇಲೆ ಈರಮ್ಮಕ್ಕನ ಮುಖ ನೋಡಿದಳು. ಬಹುಮಾನಕ್ಕೆ ಕಾದಂತೆ ಹೊಳೆಯುತ್ತಿದ್ದ ಮುಖ ಅದು. ಎಲೇನಾ ಎದ್ದು, ಸೊಂಟದ ಬಟ್ಟೆ ಬಿಚ್ಚಿ, ಆ ಮುಖದ ಕೆಸರು ಒರಸಿ "ಗ್ರಾಸಿಯಾಸ್" ಎಂದಳು. ಉಪಕಾರವಾಯಿತು ಎಂದರ್ಥ. ನನ್ನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು. ನನಗೆ ಅಳು ಬಂತು.

ಸಾಹೇಬ ಬಂದ. ದೋನ್ ರಫಾಯೆಲ್ ಎಂದು ಹೆಸರು. ಎತ್ತರದ ಬೂಟು, ಕೈಯಲ್ಲಿ ಟೇಪು, ನಗು ಎಂಬುದು ಮುಖಕ್ಕೆ ಹತ್ತಿರ ಸುಳಿದದ್ದೇ ಇಲ್ಲವೇನೋ. ಹಳ್ಳದ ಹತ್ತಿರ ನಿಂತು ಇದನ್ನು ಯಾರು ಕಡಿದದ್ದು ಎಂದ.

"ನಾನು," ಎಂದಳು ಎಲೇನಾ. ಅಷ್ಟು ಸ್ಪ್ಯಾನಿಷ್ ನನಗೂ ತಿಳಿಯಿತು.

"ಯಾಕ ಹಂಗ ಮುಖ ಗಂಟು ಹಾಕ್ಯಾನ?" ಎಂದು ಈರಮ್ಮಕ್ಕ ನನ್ನ ತೋಳು ಜಗ್ಗಿದಳು. "ಏನಂದ್ಲು ಇಕಿ? ಖರೇ ಹೇಳು."

ನಾನು ಹೇಳಿದೆ. ನಿಯಮ, ಪ್ರಮಾಣಪತ್ರ, ತಮ್ಮನ ಗರಗಸ, ಎಲ್ಲವನ್ನೂ ಒಂದೇ ಉಸಿರಿಗೆ. ಈರಮ್ಮಕ್ಕ ಎಲ್ಲ ಕೇಳಿ, ಕುಡಗೋಲು ಹಿಡಿದುಕೊಂಡೇ ನೇರವಾಗಿ ಸಾಹೇಬನ ಎದುರಿಗೆ ಹೋದಳು. ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಸಾಹೇಬ್ರ, ಇದು ನಾ ಮಾಡಿದ ಕೆಲಸ. ಇಕಿ ಸುಳ್ಳು ಹೇಳಾಕತ್ತಾಳ. ಇಕಿಗೆ ಹಿಂಗ ಕೊಯ್ಯಾಕ ಬರಂಗೂ ಇಲ್ಲ, ಬೇಕಾದ್ರ ಕೊಯ್ಸಿ ನೋಡ್ರಿ. ಫೇಲ್ ಮಾಡೂದಿದ್ರ ನನ್ನ ಮಾಡ್ರಿ, ಗೊರೇಬಾಳಕ್ಕ ಬಂದು ಮಾಡ್ರಿ."

ನಾನು ಇಂಗ್ಲಿಷಿಗೆ ತಿರುಗಿಸಿದೆ. ಎಲೇನಾ ಊಹಿಸಿಕೊಂಡು, "ಅಲ್ಲ, ನಾನೇ" ಎಂದು ಮುಂದೆ ಬಂದಳು. ಈರಮ್ಮಕ್ಕ ಅವಳನ್ನು ಹಿಂದಕ್ಕೆ ತಳ್ಳಿದಳು. ಅವಳು ಇವಳನ್ನು ತಳ್ಳಿದಳು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ಕಣ್ಣೊರಸಿಕೊಂಡರು. ಹತ್ತಿರವಿದ್ದರೂ ಅನುವಾದಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ.

ದೋನ್ ರಫಾಯೆಲ್ ಟೇಪು ಸುತ್ತಿಕೊಂಡ. "ಯಾರು ಕಡಿದದ್ದು ಎಂದು ನಾನು ಕೇಳಿದಲ್ಲೆಲ್ಲ ಪಕ್ಕದವನ ಆಡು ತಿಂದಿರುತ್ತದೆ, ಇಲ್ಲವೇ ಕಡಿದವನು ಸತ್ತುಹೋಗಿರುತ್ತಾನೆ," ಎಂದ ಇಂಗ್ಲಿಷಿನಲ್ಲಿ ನನಗೆ. "ನಾನು, ನಾನು ಎಂದು ಜಗಳಾಡುವವರನ್ನು ಇಲ್ಲಿಯೇ ನೋಡಿದ್ದು." ಹಾಗೆಂದು ನಿಯಮ ಸಡಿಲಿಸಲಿಲ್ಲ. ನೀವು ಊರಿಗೆ ಹೋಗಲು ಇನ್ನೂ ಕೆಲವು ವಾರವಿದೆ, ಅದಕ್ಕೆ ಮೊದಲು ಇನ್ನೊಮ್ಮೆ ಬರುತ್ತೇನೆ, ಅಷ್ಟರಲ್ಲಿ ದಂಡೆ ಮುಚ್ಚುವಂತೆ ಹಸಿರು ಬಂದು ಗಿಡ ನೆಟ್ಟಿದ್ದರೆ ಸರಿ, ಇಲ್ಲದಿದ್ದರೆ ಈ ಸುಗ್ಗಿಗೆ ಇಲ್ಲ ಎಂದು ಹೇಳಿ ಹೋದ.

ಕಸ ಕಾಯುವುದು

ಈರಮ್ಮಕ್ಕ ತಾನೇ ಕುಡಗೋಲನ್ನು ಒಯ್ದು ಎಲೇನಾಳ ಕಪಾಟಿನ ಮೇಲೆ, ಅವರ ಸಂತರ ಪಟದ ಹಿಂದೆ ಇಟ್ಟಳು. "ನನ್ನ ಕೈಗೆ ಸಿಗಬಾರ್ದು ನೋಡು ಇದು," ಎಂದಳು. ಮುಂದಿನ ದಿನಗಳಲ್ಲಿ ಅವಳ ಕೈಗಳನ್ನು ನೋಡುವುದೇ ಒಂದು ಸಂಕಟ. ಹಳ್ಳದ ಹತ್ತಿರ ಕೂತರೆ ಕೈ ತಾನಾಗಿ ಹುಲ್ಲಿನ ಕಡೆ ಹೋಗುತ್ತಿತ್ತು. ಕೊನೆಗೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುವುದನ್ನು ಕಲಿತಳು.

ನಮ್ಮ ಕಡೆ ಸೊಪ್ಪಿಗೆಂದು ಬದುವಿನಲ್ಲಿ ನೆಡುವ ಗೊಬ್ಬರದ ಗಿಡ ಅಲ್ಲಿಯೂ ಬೇಲಿಗೆ ಇತ್ತು, ಅದು ಆ ಕಡೆಯದೇ ಗಿಡವಂತೆ. ಅದರ ಗೂಟಗಳನ್ನು ಕಡಿಸಿ ಇಬ್ಬರು ಹೆಂಗಸರೂ ದಂಡೆಯುದ್ದಕ್ಕೆ ನೆಟ್ಟರು. ಎಲೇನಾ ಮೇಲಿನ ಕಾಡಿನಿಂದ ಜರಿಗಿಡ ಬೇರುಸಹಿತ ತಂದಳು. ಉಳಿದದ್ದು ಕಸದ ಮರ್ಜಿ. ಈರಮ್ಮಕ್ಕ ಹುಟ್ಟಿದಾಗಿನಿಂದ ಕಸವನ್ನು ಶಪಿಸಿದವಳು, ಈಗ ದಿನಾ ಬೆಳಿಗ್ಗೆ ಅದರ ಮುಂದೆ ಕೂತು ಬೇಡಿಕೊಳ್ಳುತ್ತಿದ್ದಳು.

"ಬಾರವ್ವಾ, ಬಾ. ನಮ್ಮ ಹೊಲದಾಗ ಬ್ಯಾಡಂದ್ರೂ ಬರ್ತಿದ್ದಿ. ಇಲ್ಲಿ ಏನ ಧಾಡಿ ನಿನಗ."

ಒಂದು ದಿನ ಎಲೇನಾಳ ತಮ್ಮ ಕುದುರೆಯ ಮೇಲೆ ಬಂದ. ಬೋಳು ದಂಡೆ ಕಂಡು ಮುಖ ಅರಳಿತು. ಕೊನೆಗೂ ಈ ತೋಟಕ್ಕೆ ಕೆಲಸ ಗೊತ್ತಿರುವವರು ಒಬ್ಬರು ಬಂದರು ಎಂದು ಈರಮ್ಮಕ್ಕನಿಗೆ ಟೋಪಿ ಎತ್ತಿ ನಮಸ್ಕರಿಸಿದ. ಅವನು ಹೇಳಿದ್ದನ್ನು ನಾನು ತಿಳಿಸಿದಾಗ ಅವಳ ಮುಖ ಸಪ್ಪಗಾಯಿತು. ತನ್ನ ಕೆಲಸವನ್ನು ಯಾರಾದರೂ ಹೊಗಳಿದಾಗ ಅವಳಿಗೆ ಬೇಜಾರಾದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅವನು ಹೋದಮೇಲೆ ಮರಗಳನ್ನು ಒಂದೊಂದಾಗಿ ತಲೆಯೆತ್ತಿ ನೋಡಿದಳು.

"ಇವೆಲ್ಲಾ ಹೊಕ್ಕಾವನ ತಂಗಿ, ನನ್ನ ಕೈಲಿಂದ?"

"ಇಲ್ಲ ಬಿಡು ಎಕ್ಕಾ" ಎಂದೆ. ನನಗೂ ಹೆದರಿಕೆಯಾಗಿತ್ತು. ಅಲ್ಲಿ ನನಗೆ ವಹಿಸಿದ್ದು ತೋಟದ ಹಕ್ಕಿ ಎಣಿಸುವ ಕೆಲಸ, ಆದರೆ ದುರ್ಬೀನು ಮರದ ಕಡೆ ಹಿಡಿದರೂ ಕಣ್ಣು ದಂಡೆಗೇ ಹೋಗುತ್ತಿತ್ತು.

ಅಲ್ಲಿಯ ಮಳೆ ಮಧ್ಯಾಹ್ನ ಊಟವಾದ ಕೂಡಲೇ ಕಚೇರಿಗೆ ಬರುವವನಂತೆ ಬರುತ್ತಿತ್ತು. ಮಳೆಗಾಗಿ ಮುಗಿಲು ನೋಡುವ ನಮ್ಮ ಕಡೆಯವಳಿಗೆ ಅದೇ ಒಂದು ಚೋದ್ಯ. ಆ ಮಳೆಯೇ ನಮ್ಮ ಕೈ ಹಿಡಿಯಿತು. ಮೊದಲು ಹಸಿರು ಪಾಚಿಯಂತೆ ಕಂಡದ್ದು ಪಾದ ಮುಚ್ಚಿತು, ಆಮೇಲೆ ಮಂಡಿಗೆ ಬಂತು. ಗೂಟಗಳು ಚಿಗುರಿದವು. ಈರಮ್ಮಕ್ಕ ಎಲೇನಾಳನ್ನು ಕೈ ಹಿಡಿದು ಎಳೆದೊಯ್ದು ಒಂದು ಚಿಗುರನ್ನು ತೋರಿಸಿದಾಗ ಇಬ್ಬರೂ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕಾಫಿ ಕುಡಿದರು.

ಹೊರಡುವ ಹಿಂದಿನ ದಿನ ದೋನ್ ರಫಾಯೆಲ್ ಬಂದ. ತಮ್ಮನೂ ಬಂದು ಕುದುರೆ ಕಟ್ಟಿ ದೂರದಲ್ಲಿ ನಿಂತ. ಸಾಹೇಬ ದಂಡೆಯ ಉದ್ದಕ್ಕೂ ನಡೆದ, ಬಗ್ಗಿದ, ಗೂಟ ಅಲ್ಲಾಡಿಸಿದ, ನೀರು ನೋಡಿದ. ಕೊನೆಗೆ ಈರಮ್ಮಕ್ಕನ ಎದುರು ನಿಂತು, ಮತ್ತೆ ಕೊಯ್ಯುತ್ತೀರಾ ಎಂದು ಕೇಳಿದ.

"ಕುಡಗೋಲು ಇಲ್ಲೇ ಬಿಟ್ಟು ಹೊಕ್ಕೀನ್ರಿ," ಎಂದಳು ಅವಳು.

ಅವನು ಸಹಿ ಹಾಕಿದ. ಎಲೇನಾ ಈರಮ್ಮಕ್ಕನನ್ನು ತಬ್ಬಿಕೊಂಡಳು. ಆ ಅಪ್ಪುಗೆಯೊಳಗಿಂದಲೇ ಈರಮ್ಮಕ್ಕನ ಬಲಗೈ ಕೆಳಗಿಳಿದು, ಎಲ್ಲಕ್ಕಿಂತ ಎತ್ತರವಾಗಿ ಬೆಳೆದಿದ್ದ ಒಂದು ಕಸವನ್ನು ಬೇರುಸಹಿತ ಕಿತ್ತು ಹಿಂದಕ್ಕೆ ಎಸೆಯಿತು. ಎಲ್ಲರೂ ನೋಡಿದೆವು. ದೋನ್ ರಫಾಯೆಲ್ ಗುಡ್ಡದ ಕಡೆ ಮುಖ ತಿರುಗಿಸಿ, ಆ ಹಕ್ಕಿ ಯಾವುದು ಎಂದು ನನ್ನನ್ನು ಕೇಳಿದ. ಅಲ್ಲಿ ಹಕ್ಕಿ ಇರಲಿಲ್ಲ. ಎಲೇನಾಳ ತಮ್ಮ, ಕುದುರೆ ಬಿಚ್ಚಿಕೊಂಡು, "ಪೂರಾ ವೀದಾ" ಎಂದು ಹೇಳಿ ಹೋದ.

ಗೊರೇಬಾಳ

ಭತ್ತಕ್ಕೆ ಪ್ರಮಾಣಪತ್ರದ ಬಗ್ಗೆ ನಾನು ಬರೆದುಕೊಟ್ಟ ವರದಿಯನ್ನು ನಮ್ಮ ಮೇಲಿನವರು ಮೆಚ್ಚಿ ಬೀರುವಿಗೆ ಹಾಕಿದರು. ಮುಂದಿನ ಸುಗ್ಗಿಗೆ ಒಮ್ಮೆ ತುರ್ವಿಹಾಳಕ್ಕೆ ಹೋಗಿ ಬರುವಾಗ ಗೊರೇಬಾಳದಲ್ಲಿ ಇಳಿದೆ.

ಈರಮ್ಮಕ್ಕನ ಗದ್ದೆ ಮೊದಲಿನಂತೆಯೇ ದೂರದಿಂದ ಗುರುತು ಸಿಕ್ಕಿತು. ಬದುಗಳೆಲ್ಲ ಬೋಳು, ಕಾಲುವೆ ಕನ್ನಡಿಯಂತೆ. ಆದರೆ ಗದ್ದೆಯ ಹೆಚ್ಚಾದ ನೀರು ಬಸಿದು ಹೋಗುವ ಹಳ್ಳದ ದಂಡೆಯಲ್ಲಿ ಒಂದು ತುಂಡು ಮಾತ್ರ ಆಳೆತ್ತರ ಬೆಳೆದು ನಿಂತಿತ್ತು. ಗೊಬ್ಬರದ ಗಿಡ, ಲಕ್ಕಿ, ಆಪು, ಹೆಸರಿಲ್ಲದ ಬಳ್ಳಿಗಳು. ಒಳಗೆ ಹಕ್ಕಿಗಳ ಸಂತೆಯೇ ನೆರೆದಿತ್ತು, ಅವು ಆಗಾಗ ಹೊರಬಂದು ಅವಳದೇ ಭತ್ತ ತಿಂದು ಹೋಗುತ್ತಿದ್ದವು. ಈರಮ್ಮಕ್ಕ ಹೊಸ ಕುಡಗೋಲು ಹಿಡಿದು ಅದರ ಅಂಚಿನವರೆಗೆ ಕೊಯ್ದು, ಅಂಚಿನಲ್ಲಿ ನಿಂತು ಹಲ್ಲು ಕಚ್ಚುತ್ತಿದ್ದಳು.

"ಊರ ಮಂದಿ ನಗಾಕತ್ತಾರ," ಎಂದಳು ನನ್ನನ್ನು ಕಂಡು. "ಈರಮ್ಮಗ ವಯಸ್ಸಾತು, ಕೈಲಾಗವಲ್ದು ಅಂತಾರ. ನನಗ ಕೈಲಾಗಂಗಿಲ್ಲಂತ."

"ಮತ್ತ ಯಾಕ ಬಿಟ್ಟೀ ಎಕ್ಕಾ? ಇಲ್ಲಿ ಯಾವ ಸಾಹೇಬನೂ ಬರಂಗಿಲ್ಲ. ಯಾವ ಪ್ರಮಾಣಪತ್ರನೂ ಇಲ್ಲ."

"ಸಾಹೇಬ ಬರಂಗಿಲ್ಲ ಅಂತ ನನಗೂ ಗೊತ್ತೈತಿ," ಎಂದು ಅವಳು ಕುಡಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಎಲೇನಾ ಬಂದ್ರ?"